ಗಾಜಿಗೆ ಮೊದಲು ನೀರು, ಆಮೇಲೆ ಬಟ್ಟೆ

ಮಹಾಲಿಂಗಪುರದ ಹತ್ತಿರ ನಂದೊಂದು ಸಣ್ಣ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಗ್ರಿಲ್ಲು, ಪತ್ರಾಸ್ ಶೆಡ್ಡು ಎಲ್ಲ ಮಾಡುತ್ತೇವೆ, ಆದರೆ ದಸರಾ ಹತ್ತಿರ ಬಂತು ಅಂದ್ರೆ ಕಬ್ಬಿನ ಟ್ರೇಲರ್ ರಿಪೇರಿ ಬಿಟ್ಟು ಬೇರೆ ಕೆಲಸ ಇಲ್ಲ. ಸಕ್ಕರೆ ಕಾರ್ಖಾನೆ ಶುರುವಾಗೋ ಮುಂಚೆ ಎಲ್ಲರಿಗೂ ನಾಳೆಯೇ ಬೇಕು.

ಎರಡು ವರ್ಷದ ಹಿಂದೆ ಅಂಥದ್ದೇ ಗಡಿಬಿಡಿಯಲ್ಲಿ ನನಗೆ ಜಾಯಿಂಟ್ ಸರಿಯಾಗಿ ಕಾಣದಂತಾಯಿತು. ಗೆರೆ ಒಂದು ಕಡೆ ಇದ್ದರೆ ರಾಡು ಇನ್ನೊಂದು ಕಡೆ ಹೋಗುತ್ತಿತ್ತು. ಹಾಕಿದ್ದನ್ನೇ ಗ್ರೈಂಡರ್‌ನಿಂದ ಕೆರೆದು ಮತ್ತೆ ಹಾಕೋದು. ವಯಸ್ಸು ನಲವತ್ತಾರು, ಚಾಳೀಸು ಬಂತಪ್ಪ ಅಂದುಕೊಂಡೆ. ಜಮಖಂಡಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಎಲ್ಲ ನೋಡಿ, "ಓದೋಕೆ ಸಣ್ಣ ನಂಬರ್ ಬಂದದ. ಆದ್ರ ನೀವು ಹೇಳೋ ಅಷ್ಟು ಮಂಜಾಗೋ ಹಂಗ ಏನೂ ಇಲ್ಲ. ಕೆಲಸ ಮಾಡೋವಾಗ ಏನ್ ಹಾಕ್ಕೋತೀರಿ, ಅದನ್ನ ತೋರಸ್ರಿ" ಅಂದರು. ವೆಲ್ಡಿಂಗ್ ಹೆಲ್ಮೆಟ್ ಗಾಡಿಯ ಸೈಡ್ ಬ್ಯಾಗಿನಲ್ಲೇ ಇತ್ತು, ತಂದು ಕೊಟ್ಟೆ. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನನ್ನ ಕೈಗೇ ವಾಪಸ್ ಕೊಟ್ಟರು. ಏನೂ ಮಾತಾಡಲಿಲ್ಲ.

ನಾನೂ ಬೆಳಕಿಗೆ ಹಿಡಿದು ನೋಡಿದೆ. ನಿಜಕ್ಕೂ ನಾಚಿಕೆ ಆಯಿತು. ಹೊರಗಿನ ಬಿಳಿ ಗಾಜಿನ ತುಂಬ ಕಿಡಿ ಸಿಡಿದು ಅಂಟಿದ ಸಾಸಿವೆಯಂಥ ಕರಿ ಚುಕ್ಕೆ, ಅದರ ಮೇಲೆ ಕಂದು ಹೊಗೆ, ನಟ್ಟ ನಡುವೆ ಸುತ್ತು ಸುತ್ತು ಗೀರು. ಆ ಸುತ್ತು ನನ್ನ ಹೆಬ್ಬೆರಳಿಂದು! ದಿನಾ ಲೇಥ್ ಕಡೆಯಿಂದ ವೇಸ್ಟ್, ಅಂದ್ರೆ ಎಣ್ಣೆ ಒರೆಸೋ ಹತ್ತಿ ನೂಲಿನ ಉಂಡೆ, ತೊಗೊಂಡು ಗಾಜಿನ ಮೇಲೆ ಹೆಬ್ಬೆರಳು ಒತ್ತಿ ತಿರುಗಿಸಿ ಒರೆಸುತ್ತಿದ್ದೆ. ಅದು ಕ್ಲೀನ್ ಮಾಡೋದು ಅಂತ ನನ್ನ ನಂಬಿಕೆ.

ಗಾಜು ಅಂತೀವಿ, ಆದರೆ ಇದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಪೆಟ್ಟು ಬಿದ್ದರೂ ಸುಲಭಕ್ಕೆ ಒಡೆಯೋದಿಲ್ಲ, ಅದಕ್ಕೇ ಮುಖದ ಮುಂದೆ ಹಾಕೋದು. ಆದರೆ ಮೈ ಮೆತ್ತಗೆ, ಬೇಗ ಗೀರು ಬೀಳುತ್ತೆ. ನಮ್ಮ ಗ್ರೈಂಡಿಂಗ್ ವೀಲ್, ಕಟಿಂಗ್ ವೀಲ್ ಪುಡಿಯಲ್ಲಿ ಇರೋದು ಅಲ್ಯೂಮಿನಿಯಂ ಆಕ್ಸೈಡು, ಕಬ್ಬಿಣವನ್ನೇ ತಿನ್ನೋ ವಸ್ತು. ಅದು ಗಾಜಿನ ಮೇಲೆ ಕೂತಿರುವಾಗ ಒಣ ಬಟ್ಟೆ ಹಾಕಿ ಒತ್ತಿದರೆ ಪಾಲಿಶ್ ಪೇಪರ್ ಹಾಕಿ ತಿಕ್ಕಿದಂಗೇ ಅಲ್ವಾ? ವೇಸ್ಟಿನಲ್ಲಂತೂ ಲೇಥ್‌ನ ಚೂರೂ ಸೇರಿರುತ್ತೆ.

ಅವತ್ತಿಂದ ಕ್ರಮ ಬದಲಿಸಿದೆ. ಸಂಜೆ ಕೆಲಸ ಬಿಟ್ಟ ಮೇಲೆ ಗ್ರೈಂಡಿಂಗ್ ಮಾಡುವಾಗ ಮುಖಕ್ಕೆ ಹಾಕೋ ಶೀಲ್ಡ್ ಬೋರಲು ಹಿಡಿದು ಒಂದೆರಡು ಸಲ ಮೆಲ್ಲಗೆ ತಟ್ಟುತ್ತೇನೆ, ಸಡಿಲ ಪುಡಿ ಉದುರುತ್ತೆ. ಆಮೇಲೆ ಮೇಲಿಂದ ನೀರು ಬಿಡೋದು, ಕೈ ಮುಟ್ಟಿಸೋದಿಲ್ಲ. ಪುಡಿ ಎಲ್ಲ ಹರಿದು ಹೋದ ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ, ಬೆರಳ ತುದಿಯಿಂದ ಹಗುರಕ್ಕೆ ಸವರಿ ಮತ್ತೆ ನೀರು. ಕೊನೆಗೆ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸೋದು, ತಿಕ್ಕೋದಲ್ಲ. ಮೂರು ನಿಮಿಷದ ಕೆಲಸ.

ನೀರಿನದೂ ಒಂದು ಕತೆ ಇದೆ. ಮೊದಮೊದಲು ಬೋರಿನ ನೀರಲ್ಲೇ ತೊಳೆದೆ. ನಮ್ಮ ಕಡೆ ಬೋರ್ ನೀರು ಎಂಥ ಗಡಸು ಅಂತ ಕೊಡ ತೊಳೆದವರಿಗೆ ಗೊತ್ತು. ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಬಿಳಿ ಕಲೆ. ಈಗ ಕೊನೆಯ ಸಲ ಮಾತ್ರ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕುಡಿಯೋ ನೀರು ಹಾಕುತ್ತೇನೆ, ಒಂದು ಲೋಟ ಸಾಕು.

ಬಟ್ಟೆಗೂ ಅಷ್ಟೇ ಪರದಾಡಿದೆ. ರಬಕವಿ-ಬನಹಟ್ಟಿ ಪಕ್ಕದಲ್ಲೇ ಇದೆ, ಮಗ್ಗದ ತುಂಡು ಬಟ್ಟೆಗೇನು ಬರ ಅಂತ ಒಂದು ಗಂಟು ತಂದಿಟ್ಟೆ. ಹೊಸ ಬಟ್ಟೆ ನೋಡಿ, ಗಂಜಿ ಹಿಡಿದು ಬಿರುಸಾಗಿರುತ್ತೆ, ಗಾಜಿಗೆ ಆಗಿ ಬರಲಿಲ್ಲ. ಕೊನೆಗೆ ಕೈಗೆ ಹತ್ತಿದ್ದು ನಮ್ಮಪ್ಪನ ಹಳೇ ಧೋತರ. ಇಪ್ಪತ್ತು ವರ್ಷ ಒಗೆದು ಒಗೆದು ಬೆಣ್ಣೆ ಆಗಿತ್ತು. ಅದನ್ನೇ ಅಂಗೈ ಅಗಲ ಹರಿದು ಇಟ್ಟುಕೊಂಡಿದ್ದೇನೆ. ಮಾರ್ಕೆಟ್ಟಿನ ಮೈಕ್ರೋಫೈಬರ್ ಬಟ್ಟೆಯೂ ಚೆನ್ನಾಗಿದೆ, ಆದರೆ ಒಮ್ಮೆ ನೆಲಕ್ಕೆ ಬಿತ್ತು ಅಂದ್ರೆ ಪುಡಿ ಹಿಡಿದುಕೊಳ್ಳುತ್ತೆ, ಒಗೆಯೋ ತನಕ ಗಾಜಿಗೆ ಮುಟ್ಟಿಸಬೇಡಿ.

ಇನ್ನು ಮಾಡಬಾರದ್ದು, ನಾನು ಮಾಡಿ ಕೆಟ್ಟಿದ್ದು. ಪೇಂಟ್ ಹತ್ತಿತ್ತು ಅಂತ ಒಂದು ಶೀಲ್ಡಿಗೆ ಥಿನ್ನರ್ ಸವರಿದೆ. ಪೇಂಟೇನೋ ಹೋಯಿತು, ಜೊತೆಗೆ ಗಾಜಿನ ಒಳಗೇ ಕೂದಲೆಳೆಯಂಥ ಬಿರುಕು ಎದ್ದವು. ಪೆಟ್ರೋಲು, ಅಸಿಟೋನಿಗೂ ಅದೇ ಗತಿ. ಗೀರು ಹೋಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಟೂತ್‌ಪೇಸ್ಟೂ ತಿಕ್ಕಿದೆ. ಮೇಲಿನ ಕೋಟಿಂಗ್ ಹೋಗಿ ಇಡೀ ಗಾಜೇ ಹಾಲಿನಂತಾಯಿತು.

ವೆಲ್ಡಿಂಗಿಗೆ ನಾನು ಹಾಕೋದು ಆಟೋ ಡಾರ್ಕ್ ಹೆಲ್ಮೆಟ್, ಆರ್ಕ್ ಅಂದ್ರೆ ವೆಲ್ಡಿಂಗ್ ಬೆಳಕು ಹೊತ್ತಿದ ಕೂಡಲೇ ತಾನೇ ಕಪ್ಪಾಗೋದು. ಅದನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಒಳಗೆ ಸರ್ಕ್ಯೂಟ್ ಇರುತ್ತೆ. ಹೊರಗಿನ ಬಿಳಿ ಗಾಜನ್ನು ಬಿಚ್ಚಿ ತೊಳೆಯಬೇಕು, ಒಳಗಿನ ಫಿಲ್ಟರಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಒಮ್ಮೆ ನಮ್ಮ ಹುಡುಗ ಬಂದು "ಕಾಕಾ, ಇದು ಕಪ್ಪ ಆಗವಲ್ದು, ಕಣ್ಣಿಗೆ ಹೊಡಿಯಾಕತ್ತದ" ಅಂದ. ಬ್ಯಾಟರಿ ಹೋಗಿರಬೇಕು ಅಂದುಕೊಂಡೆ. ನೋಡಿದರೆ ಮುಂದಿನ ಸೆನ್ಸರ್ ಕಣ್ಣುಗಳ ಮೇಲೆ ಹೊಗೆಯ ಮಸಿ ಕೂತಿತ್ತು. ಸೆನ್ಸರಿಗೇ ಆರ್ಕ್ ಕಾಣದಿದ್ದರೆ ಗಾಜು ಹೇಗೆ ಕಪ್ಪಾಗಬೇಕು? ಒರೆಸಿದ ಮೇಲೆ ಸರಿಯಾಯಿತು. ಆದರೂ ಪಾಪ ಅವನಿಗೆ ತುಂಬ ಹೊತ್ತು ಕಣ್ಣು ಕೋರೈಸಿದಂಗೇ ಇತ್ತು.

ಕಿಡಿ ಅಂಟಿದ ಚುಕ್ಕೆ ತೊಳೆದರೆ ಹೋಗೋದಿಲ್ಲ. ಉಗುರಿನಿಂದ ಕೆರೆಯೋದೂ ಬೇಡ. ಗಾಜು ಬದಲಿಸಿ ಅಷ್ಟೇ. ಕೈಯಲ್ಲಿ ಹಿಡಿಯೋ ಶೀಲ್ಡಿನ ಬಿಳಿ ಗಾಜು ಒಂದೆರಡು ಚಹಾದ ರೊಕ್ಕಕ್ಕೆ ಸಿಗುತ್ತೆ. ಕಪ್ಪು ಗಾಜು ಉಳಿಸೋಕೆ ಅಂತಲೇ ಅದನ್ನು ಮುಂದೆ ಹಾಕೋದು. ನಾವು ಜಿಪುಣತನ ಮಾಡೋದೂ ಅಲ್ಲೇ. ಕಪ್ಪು ಗಾಜು ಸೀಳಿತ್ತು ಅಂದ್ರೆ ಟೇಪ್ ಹಚ್ಚಿ ಓಡಿಸಬೇಡಿ, ಆ ಸಂದಿಯಿಂದ ಬರೋ ಬೆಳಕೇ ಸಾಕು ಕಣ್ಣು ಸುಡೋಕೆ. ಹೊಸ ಪ್ಲಾಸ್ಟಿಕ್ ಗಾಜಿನ ಎರಡೂ ಮೈಗೆ ತೆಳ್ಳನೆ ಹಾಳೆ ಅಂಟಿಸಿರುತ್ತಾರೆ, ಅದನ್ನು ಕೀಳೋದು ಮರೀಬೇಡಿ. ನಗಬೇಡಿ, ನಾನೇ ಎರಡು ದಿನ ಹಾಗೇ ಕೆಲಸ ಮಾಡಿದ್ದೇನೆ.

ಗಾಡಿಯ ಹೆಲ್ಮೆಟ್ಟಿಗೂ ಇದೇ ಉಪಚಾರ. ಸೀಸನ್‌ನಲ್ಲಿ ರಾತ್ರಿ ಮುಧೋಳ ರಸ್ತೆಯಲ್ಲಿ ಬರೋದು ಅಂದ್ರೆ ಎದುರಿಗೆ ಟ್ರ್ಯಾಕ್ಟರ್ ಲೈಟು, ಮುಂದೆ ಹಿಂದೀಪ ಇಲ್ಲದ ಎರಡು ಟ್ರೇಲರ್ ಕಬ್ಬು. ಗೀರು ಬಿದ್ದ ವೈಸರಿನಲ್ಲಿ ಆ ಲೈಟು ಒಡೆದು ಇಡೀ ಗಾಜಿಗೆ ಹರಡುತ್ತೆ, ಟ್ರೇಲರ್ ಕಾಣೋದೇ ಇಲ್ಲ. ಹುಳ ಬಡಿದು ಒಣಗಿದ್ದರೆ ಕೆರೆಯೋದಿಲ್ಲ, ಒದ್ದೆ ಧೋತರದ ತುಂಡು ಮೇಲೆ ಹಾಸಿ ಹತ್ತು ನಿಮಿಷ ಬಿಡುತ್ತೇನೆ, ನೆನೆದು ತಾನೇ ಬರುತ್ತೆ. ಚಳಿಗಾಲದ ಬೆಳಗ್ಗೆ ಉಸಿರಿಗೆ ಮಂಜು ಕಟ್ಟುತ್ತೆ ಅಲ್ವಾ, ಅದಕ್ಕೆ ಒಳಮೈಗೆ ಅದೇ ಪಾತ್ರೆ ಲಿಕ್ವಿಡ್ ಅರ್ಧ ಹನಿ ಸವರಿ, ತೊಳೆಯದೆ ಮೆತ್ತಗೆ ಒರೆಸಿಬಿಡಿ. ಒಂದು ದಿನ ನಡೆಯುತ್ತೆ.

ಈಗ ಅಂಗಡಿಯಲ್ಲಿ ಧೋತರದ ತುಂಡುಗಳಿಗೆ ಅಂತಲೇ ಮುಚ್ಚಳದ ಡಬ್ಬಿ ಇಟ್ಟಿದ್ದೇನೆ. ಮೇಲೆ ಪೇಂಟಿನಲ್ಲಿ ದೊಡ್ಡದಾಗಿ "ಗಾಜಿಗೆ ಮಾತ್ರ" ಅಂತ ಬರೆದಿದ್ದೇನೆ. ಆದರೂ ಚಹಾಕ್ಕೆ ಹೋಗೋ ಮುಂಚೆ ಎಲ್ಲರೂ ಅದರಲ್ಲೇ ಕೈ ಒರೆಸಿಕೊಳ್ಳುತ್ತಾರೆ.