ಒಂಬತ್ತೂವರೆ ಸಾವಿರದ ಫ್ರಾಕು ಬಿಚ್ಚಿ ಕಲಿತದ್ದು

ಮೊನ್ನೆ ಮೊಮ್ಮಗಳ ಫ್ರಾಕಿನ ಮೂರನೇ ಟಕ್ (ಬಟ್ಟೆ ಮಡಿಚಿ ಹೊಲಿದಿಟ್ಟ ಪಟ್ಟಿ) ಬಿಚ್ಚಿದೆ. ಒಂದನೇ ಹುಟ್ಟುಹಬ್ಬಕ್ಕೆ ಹೊಲಿದ ಫ್ರಾಕು ಅದು. ಅವಳಿಗೀಗ ಎರಡು ವರ್ಷ ಐದು ತಿಂಗಳು. ತೊಡಿಸಿ ನಿಲ್ಲಿಸಿದರೆ ಅಂಚು ಮೊಣಕಾಲಿಗೆ ಸರಿಯಾಗಿ ಬಂತು. "ಕೂಸಿನ ಅರಿವಿ ಮೂರ ತಿಂಗಳ ಬರೂದಲ್ಲ, ಅದಕ್ಯಾಕ ಇಷ್ಟ ಕಷ್ಟ ಪಡ್ತಿ" ಎಂದು ಹೇಳಿದ್ದ ನನ್ನ ಮಗಳೇ ಫೋಟೊ ತೆಗೆದು ಬೀಗರಿಗೆ ಕಳಿಸಿದಳು. ಮನೆಯಲ್ಲೇ ಹೊಲಿಯುವ ಅಕ್ಕ-ತಂಗಿಯರು ಇದನ್ನು ಹೇಗೆ ಮಾಡಿದೆನೆಂದು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಟೇಲರಿಂಗ್ ಮಾಡುತ್ತ ನನಗೆ ಹದಿನಾರು ವರ್ಷವಾಯಿತು. ಹೆಚ್ಚಿನ ಕೆಲಸ ಬ್ಲೌಸ್, ಫಾಲ್-ಪೀಕೋ, ಶಾಲೆ ಶುರುವಾಗುವಾಗ ಯೂನಿಫಾರ್ಮ್. ಕೂಸುಗಳ ಬಟ್ಟೆಗೆ ಕೈ ಹಾಕಿರಲಿಲ್ಲ. ಬೆಂಗಳೂರಿನಲ್ಲಿರುವ ಮಗಳಿಗೆ ಹೆಣ್ಣುಮಗು ಹುಟ್ಟಿ, ತೊಟ್ಟಲ ಕಾರ್ಯ ಮೂರನೇ ತಿಂಗಳಲ್ಲಿ ಇಟ್ಟುಕೊಂಡಾಗ ಅವಳು ಅಲ್ಲಿನ ಒಂದು ದೊಡ್ಡ ಮಾಲ್‌ನಿಂದ ಡಿಸೈನರ್ ಫ್ರಾಕು ತಂದಳು. ಬೆಲೆ ಒಂಬತ್ತೂವರೆ ಸಾವಿರ. ನೆಟ್ಟಿನ ಮೂರು ಪದರ, ಎದೆಗೆ ಮಿಂಚುವ ಟಿಕಲಿ, ಹಿಂದೆ ದೊಡ್ಡ ಬೋ. ಒಳಗಿನ ಚೀಟಿಯಲ್ಲಿ ಡ್ರೈಕ್ಲೀನ್ ಮಾತ್ರ ಎಂದು ಬರೆದಿತ್ತು. ದಿನಕ್ಕೆ ನಾಲ್ಕು ಸಲ ಹಾಲು ಕಕ್ಕುವ ಕೂಸಿನ ಬಟ್ಟೆಗೆ ಡ್ರೈಕ್ಲೀನ್!

ನಲವತ್ತು ನಿಮಿಷ ಅದು ಕೂಸಿನ ಮೈಮೇಲಿತ್ತು. ಅತ್ತೂ ಅತ್ತೂ ಮುಖ ಕೆಂಪಾಯಿತು. ಬಿಚ್ಚಿ ನೋಡಿದರೆ ಕಂಕುಳಲ್ಲಿ, ಕುತ್ತಿಗೆಯ ಹಿಂದೆ ನೆಟ್ ತಾಗಿದ ಗೆರೆ ಗೆರೆ. ಕೊಬ್ಬರಿ ಎಣ್ಣೆ ಸವರಿ, ನಮ್ಮ ಮಾವನವರ ಹಳೆಯ ಧೋತರದಲ್ಲಿ ಮಾಡಿದ ಜಬಲಾ ತೊಡಿಸಿದ ಮೇಲೆ ನಿದ್ದೆ ಹೋಯಿತು. ಮುಂದೆ ಆರನೇ ತಿಂಗಳಿಗೆ ಒಂದು ಮದುವೆಗೆಂದು ಅದೇ ಫ್ರಾಕು ತೆಗೆದರೆ ತೋಳು ಏರಲೇ ಇಲ್ಲ. ಒಂದು ಸಲ ತೊಟ್ಟ ಬಟ್ಟೆ ಕಪಾಟು ಸೇರಿತು.

ಒಂದನೇ ಹುಟ್ಟುಹಬ್ಬ ಹತ್ತಿರ ಬಂದಾಗ ಮಗಳು ಫೋನಿನಲ್ಲಿ ಮತ್ತೊಂದು ತೋರಿಸಿದಳು, ಹದಿನಾಲ್ಕು ಸಾವಿರದ್ದು. "ನಾ ಹೊಲೀತೀನಿ" ಅಂದೆ. "ಅವ್ವಾ, ಇದು ಬ್ಲೌಸ್ ಹೊಲಿದಂಗಲ್ಲ. ಅತ್ತಿ ಮನಿಯವರೆಲ್ಲಾ ಬರ್ತಾರ" ಅಂದಳು. ನಮ್ಮ ಓಣಿಯ ಜೆಂಟ್ಸ್ ಟೇಲರ್ ಕೂಡ "ಅಕ್ಕಾರ, ಕೂಸಿನ ಫಿಟ್ಟಿಂಗ್ ದೊಡ್ಡವರಕಿಂತ ಕಷ್ಟ ಐತ್ರಿ, ಬ್ಯಾಡ ಬಿಡ್ರಿ" ಅಂದರು. ಅವರ ಮಾತು ಅರ್ಧ ನಿಜ, ಅದು ಮೊದಲ ಮೂರು ಫ್ರಾಕು ಹಾಳಾದ ಮೇಲೆ ಗೊತ್ತಾಯಿತು.

ಮೊದಲನೆಯದು ಕೆಟ್ಟದ್ದು ಕುತ್ತಿಗೆಯಿಂದ. ನಾವು ಬ್ಲೌಸಿನವರು, ಎದೆ-ಸೊಂಟದ ಅಳತೆಯ ಮೇಲೆ ಕತ್ತರಿ ಹಿಡಿಯುತ್ತೇವೆ. ವರ್ಷದ ಕೂಸಿನ ಎದೆಯೂ ಹೆಚ್ಚುಕಡಿಮೆ 18 ಇಂಚು, ತಲೆಯೂ 18 ಇಂಚು! ನಾನು ಕುತ್ತಿಗೆಯ ಸುತ್ತಳತೆ 14 ಇಟ್ಟು, ಹಿಂದೆ ಮೂರಿಂಚು ಝಿಪ್ ಕೊಟ್ಟಿದ್ದೆ. ತಲೆ ಹೋಗಲಿಲ್ಲ. ಝಿಪ್ ಉದ್ದ ಮಾಡಿ ಮತ್ತೆ ಕೂಡಿಸಿದರೆ ಎಳೆಯುವಾಗ ಕೂದಲು ಸಿಕ್ಕಿಹಾಕಿಕೊಂಡು ಕೂಸು ಚೀರಿತು. ಆ ದಿನದಿಂದ ಕೂಸುಗಳ ಬಟ್ಟೆಗೆ ಝಿಪ್ ಕೂಡಿಸುವುದನ್ನೇ ಬಿಟ್ಟಿದ್ದೇನೆ. ನೆಟ್ಟು, ಘೇರು ಉಬ್ಬಿಸಲು ಹಾಕುವ ಗಟ್ಟಿ ಕ್ಯಾನ್‌ಕ್ಯಾನ್ ನೆಟ್ಟು, ಸಾಟಿನ್ ಎಲ್ಲ ಸೇರಿ ಸಾವಿರದ ನೂರು ರೂಪಾಯಿ ನೀರಿಗೆ ಹೋಯಿತು.

ಎರಡನೆಯದಕ್ಕೆ ನೆಟ್ಟು ಬಿಟ್ಟು ಗುಳೇದಗುಡ್ಡದ ಖಣ ತಂದೆ. ನೋಡಲು ಚಂದ ಬಂತು. ಆದರೆ ಅವಸರದಲ್ಲಿ ಖಣವನ್ನೂ ಒಳಗಿನ ತೆಳು ಹತ್ತಿಯ ಮಲ್ ಬಟ್ಟೆಯನ್ನೂ ನೆನೆಹಾಕದೆ ಕತ್ತರಿಸಿದ್ದೆ. ಹೊಲಿದಾದ ಮೇಲೆ ಒಮ್ಮೆ ಒಗೆದೆ. ಮಲ್ ಅರ್ಧ-ಮುಕ್ಕಾಲು ಇಂಚು ಕುಗ್ಗಿತು, ಖಣ ಅಷ್ಟು ಕುಗ್ಗಲಿಲ್ಲ, ಸೊಂಟದಲ್ಲಿ ಬಟ್ಟೆ ಉಬ್ಬಿಕೊಂಡು ನಿಂತಿತು. ಮೇಲೆ ಖಣದ ಕೆಂಪು ಇಳಿದು ಬಿಳಿ ಒಳಬಟ್ಟೆ ಗುಲಾಬಿ ಆಯಿತು. ಬ್ಲೌಸಿನ ಲೈನಿಂಗ್ ನೆನೆಹಾಕದೆ ನಾನು ಎಂದೂ ಕತ್ತರಿಸಿದವಳಲ್ಲ, ಇಲ್ಲಿ ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಒಂಬೈನೂರು ಹೋಯಿತು. ಮೂರನೆಯದಕ್ಕೆ ಸೊಂಟಕ್ಕೆ ಎಲಾಸ್ಟಿಕ್ ಹಾಕಿದ್ದೆ, ಹೊಟ್ಟೆಯ ಸುತ್ತ ಗುರುತು ಬಿತ್ತು.

ಹುಟ್ಟುಹಬ್ಬಕ್ಕೆ ಹದಿನೇಳು ದಿನ ಉಳಿದಿತ್ತು. ಅವತ್ತು ಸಂಜೆ ಕಪಾಟಿನಲ್ಲಿದ್ದ ಒಂಬತ್ತೂವರೆ ಸಾವಿರದ ಫ್ರಾಕು ತೆಗೆದು, ನೆಲಕ್ಕೆ ಬಿಳಿ ಚಾದರ ಹಾಸಿ, ರಿಪ್ಪರ್ ಹಿಡಿದು ಕುಳಿತೆ. ಮಗಳು ಬಾಗಿಲಲ್ಲೇ ನಿಂತು "ಹುಚ್ಚ ಹಿಡದೈತೇನ್ ನಿನಗ?" ಅಂದಳು. "ಹೆಂಗೂ ಯಾರೂ ತೊಡೂದಿಲ್ಲವ್ವಾ, ನನಗರ ಉಪಯೋಗಕ್ಕ ಬರಲಿ" ಅಂದೆ.

ಬಿಚ್ಚುತ್ತ ಹೋದಂತೆ ದುಡ್ಡು ಎಲ್ಲಿ ಹೋಗಿದೆ ಎಂಬುದು ಕಣ್ಣಿಗೆ ಕಂಡಿತು. ಟಿಕಲಿ ಮಷಿನ್ನಿನ ಸರಪಳಿ ಹೊಲಿಗೆಯಲ್ಲಿ ಕೂಡಿಸಿದ್ದು. ಹಿಂದಿನಿಂದ ಒಂದು ಎಳೆ ಎಳೆದರೆ ಸಾಲಿಗೆ ಸಾಲೇ ಬಿಚ್ಚಿ ಚಾದರದ ಮೇಲೆ ಉದುರಿತು. ಸಿಕ್ಕಿದ್ದೆಲ್ಲ ಬಾಯಿಗಿಡುವ ಕೂಸಿನ ಬಟ್ಟೆಗೆ ಹೀಗೆ ಮಾಡಿದ್ದರು. ಎಂಬ್ರಾಯ್ಡರಿಯ ಹಿಂದೆ ಕಾಗದದಂಥ ಗಟ್ಟಿ ಪಟ್ಟಿ ಹಾಗೇ ಉಳಿದಿತ್ತು, ಎದೆಗೆ ಒರಟಾಗಿ ತಾಗುತ್ತಿದ್ದದ್ದು ಅದೇ. ಒಳಗಿನ ಸಾಟಿನ್ನಿನ ಒಂದು ಎಳೆ ತೆಗೆದು ದೀಪಕ್ಕೆ ಹಿಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ, ತುದಿಯಲ್ಲಿ ಕರಿ ಮಣಿಯಂತೆ ಗಟ್ಟಿಯಾಯಿತು. ಪೂರ್ತಿ ಪಾಲಿಯೆಸ್ಟರ್. ಹತ್ತಿ ಇದ್ದದ್ದು ಕುತ್ತಿಗೆಯ ಒಳಗೆ ಎರಡಿಂಚಿನ ಪಟ್ಟಿ ಮಾತ್ರ. ನನ್ನ ಲೆಕ್ಕದಲ್ಲಿ ಆ ಬಟ್ಟೆಯ ಮಾಲು ಸಾವಿರದ ಇನ್ನೂರು ದಾಟುವುದಿಲ್ಲ.

ಆದರೆ ಹೊಲಿಗೆಯ ವಿಷಯದಲ್ಲಿ ಅನ್ಯಾಯದ ಮಾತು ಆಡಬಾರದು. ಅದನ್ನು ಕತ್ತರಿಸಿದವರು ಕೈಗುಣ ಉಳ್ಳವರು. ಭುಜದ ಹೊಲಿಗೆ ಭುಜದ ನೆತ್ತಿಯ ಮೇಲೆ ಬರದೆ ಅರ್ಧ ಇಂಚು ಮುಂದಕ್ಕಿತ್ತು. ಎತ್ತಿಕೊಂಡಾಗ ಮಗುವಿನ ಭುಜಕ್ಕೆ ಗಂಟು ಒತ್ತದಿರಲೆಂದು. ಸೊಂಟದ ಹೊಲಿಗೆಯ ಅಂಚೆಲ್ಲ ಎರಡು ಪದರದ ನಡುವೆ ಅಡಗಿತ್ತು. ತೋಳಿಗೆ ಓರೆ ಪಟ್ಟಿ ಒಂದೇ ಸಮ ಅಗಲ, ಎಲ್ಲೂ ಸುಕ್ಕಿಲ್ಲ. ಈ ಮೂರನ್ನೂ ಚಾಕಿನಿಂದ ಕಾಗದದ ಮೇಲೆ ಇಳಿಸಿಕೊಂಡೆ. ನಲವತ್ತು ನಿಮಿಷ ತೊಟ್ಟ ಫ್ರಾಕಿನಿಂದ ಬಂದ ನಿಜವಾದ ಲಾಭ ಇದು.

ಇನ್ನು ಬೆಳೆಯುವ ವಿಷಯ. ನಾನು ಮೊಮ್ಮಗಳ ಆಸ್ಪತ್ರೆಯ ಪುಸ್ತಕ ತೆಗೆದು ನೋಡಿದೆ. ಹುಟ್ಟಿದಾಗ 50 ಸೆಂಟಿಮೀಟರ್ ಇದ್ದ ಕೂಸು ವರ್ಷಕ್ಕೆ 74 ಆಗಿತ್ತು, ತೂಕ ಮೂರು ಪಟ್ಟಾಗಿತ್ತು. ಆ ಮೊದಲ ವರ್ಷದಲ್ಲಿ ಎಂಥ ಜಾಣ ಹೊಲಿಗೆಯೂ ಮೂರ್ನಾಲ್ಕು ತಿಂಗಳ ಮೇಲೆ ಬಾಳದು, ಸಾವಿರಗಟ್ಟಲೆ ಕೊಡಲೇಬಾರದು. ವರ್ಷ ತುಂಬಿದ ಮೇಲೆ ಆಟ ಬೇರೆ. ಅಲ್ಲಿಂದ ಎರಡೂವರೆ ವರ್ಷದ ತನಕ ಎತ್ತರ ಆರಿಂಚು ಏರಿದರೂ ಎದೆ ಹೆಚ್ಚುವುದು ಒಂದೂವರೆ ಇಂಚಿನಷ್ಟೇ. ಉದ್ದವನ್ನು ಬಟ್ಟೆಯೊಳಗೇ ಅಡಗಿಸಿಟ್ಟರೆ ಸಾಕು. ನಮ್ಮ ಅಜ್ಜಿಯಂದಿರು ಪರಕಾರಕ್ಕೆ (ಲಂಗಕ್ಕೆ) ಇದನ್ನೇ ಮಾಡುತ್ತಿದ್ದರು. ಅಂಚಿನ ಮೇಲೆ ಎರಡು ಮೂರು ಪಟ್ಟಿ ಮಡಿಚಿ ಹೊಲಿದು, ಹುಡುಗಿ ಬೆಳೆದ ಹಾಗೆ ಒಂದೊಂದೇ ಬಿಚ್ಚುವುದು.

ನಾಲ್ಕನೇ ಫ್ರಾಕಿಗೆ ಹಸಿರು ಖಣ ಎರಡು ತಂದೆ. ಪನ್ನಾ (ಬಟ್ಟೆಯ ಅಗಲ) ಸಣ್ಣದಾದ್ದರಿಂದ ಒಂದರಲ್ಲಿ ಘೇರು ಸಾಲುವುದಿಲ್ಲ. ಉಪ್ಪು ನೀರಲ್ಲಿ ರಾತ್ರಿ ನೆನೆಹಾಕಿ, ನೀರು ತಿಳಿಯಾಗುವವರೆಗೆ ನಾಲ್ಕು ಸಲ ಜಾಲಾಡಿದೆ. ಒಳಗೆ ಹೊಸ ಮಲ್ ಹಾಕಲಿಲ್ಲ, ನನ್ನದೇ ಹಳೆಯ ಮಲ್ ಸೀರೆ ಹಾಕಿದೆ. ಇಪ್ಪತ್ತು ವರ್ಷ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಬೆಣ್ಣೆಯಂತೆ ಇರುತ್ತದೆ. ಅರ್ಧ ಇಂಚಿನ ಮೂರು ಟಕ್, ಒಂದೊಂದರಲ್ಲಿ ಒಂದಿಂಚು ಬಟ್ಟೆ ಉಳಿಯಿತು. ಕೆಳಗೆ ಮಡಿಕೆಯಲ್ಲಿ ಎರಡಿಂಚು. ಟಕ್ಕಿಗೆ ಮಷಿನ್ನಿನ ಟಾಕಿ (ಹೊಲಿಗೆ) ದೊಡ್ಡದಿಟ್ಟೆ, ಬಿಚ್ಚಿದಾಗ ತೂತು ಕಾಣಬಾರದು. ಭುಜದ ಪಟ್ಟಿಗೆ ಒಂದಿಂಚು ಹೆಚ್ಚು ಬಿಟ್ಟೆ. ಹಿಂದೆ ಪೂರ್ತಿ ತೆರೆಯುವಂತೆ ಮಾಡಿ ಟಿಚ್ ಬಟನ್ನಿಗೆ ಎರಡು ಸಾಲು ಜಾಗ ಇಟ್ಟೆ, ಎದೆ ಹೆಚ್ಚಿದ ಹಾಗೆ ಸಾಲು ಬದಲಿಸಲು. ಟಿಚ್ ಬಟನ್ ಹೊಲಿದ ಮೇಲೆ ಒಂದೊಂದನ್ನೂ ಇಕ್ಕಳದಿಂದ ಹಿಡಿದು ಜೋರಾಗಿ ಎಳೆದು ನೋಡುತ್ತೇನೆ, ಅಲುಗಿದರೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಟಕ್ ಬಿಚ್ಚಿದ ಜಾಗದಲ್ಲಿ ಹಳೆಯ ಬಣ್ಣ-ಹೊಸ ಬಣ್ಣ ಬೇರೆಯಾಗಿ ಕಾಣದಂತೆ ಮಾಡಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಮಾತ್ರ ತೋರಿಸುತ್ತೇನೆ. ತೋಳಿನ ಕಟಿಂಗ್ ಕೂಡ ಹಾಗೆಯೇ.

ಯೋಕಿಗೆ, ಅಂದರೆ ಎದೆಯ ಮೇಲಿನ ತುಂಡಿಗೆ, ಕಸೂತಿ ಹಾಕಿದೆ, ಇದು ನನಗೆ ಹೆಮ್ಮೆಯ ಮಾತು. ನಮ್ಮ ಧಾರವಾಡ ಕಸೂತಿಯ ಗವಂತಿ ಮತ್ತು ಮುರ್ಗಿ ಟಾಕಿಗಳಿಗೆ ಗಂಟು ಹಾಕುವುದಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ. ಕೂಸಿನ ಮೈಗೆ ಇದಕ್ಕಿಂತ ಒಳ್ಳೆಯ ಎಂಬ್ರಾಯ್ಡರಿ ಇಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಖಣದ ಮೇಲೆ ಬುಟ್ಟಾ ಇರುವುದರಿಂದ ಎಳೆ ಎಣಿಸುವುದು ಕಷ್ಟವೆಂದು, ಯೋಕಿಗೆ ಹಳೆಯ ಇಳಕಲ್ ಸೀರೆಯ ಒಡಲಿನ ತುಂಡು ತೆಗೆದುಕೊಂಡೆ. ಸೆರಗು-ಒಡಲಿನ ಎಳೆ ಕೂಡಿಸಿದ ಕೊಂಡಿ ಇರುವ ಜಾಗ ಬಿಟ್ಟು ಕತ್ತರಿಸಿ, ಎಳೆ ಎಣಿಸುತ್ತ ಪುಟ್ಟ ತೊಟ್ಟಿಲು, ಅದರ ಎರಡೂ ಬದಿಗೆ ಒಂದೊಂದು ಗೋಪುರ. ಮೂರು ಮಧ್ಯಾಹ್ನ ಹಿಡಿಯಿತು. ಕಣ್ಣಲ್ಲಿ ನೀರು ಬಂತು, ಚಾಳೀಸಿನ ನಂಬರೂ ಬದಲಾಯಿತು. ಡಿಸೈನರ್ ಬಟ್ಟೆಯಲ್ಲಿ ಕೈಯಿಂದ ಹಾಕಿದ ನಿಜವಾದ ಕಸೂತಿ ಇದ್ದರೆ ನಾಲ್ಕೈದು ಸಾವಿರ ಕೊಟ್ಟರೂ ನಾನು ಬೇಡ ಅನ್ನುವುದಿಲ್ಲ. ಒಳಮಗ್ಗಲು ತಿರುವಿ ನೋಡಿ. ಗಂಟು ಕಂಡರೆ ಅದು ನಿಜವಾದ ಕಸೂತಿಯಲ್ಲ, ಕಾಗದದ ಪಟ್ಟಿ ಕಂಡರೆ ಮಷಿನ್ನಿನದು, ಬಿಟ್ಟು ಬನ್ನಿ.

ಖರ್ಚು: ಖಣ ಎರಡಕ್ಕೆ ಐನೂರರ ಹತ್ತಿರ, ಕಸೂತಿ ದಾರ ನೂರು, ಟಿಚ್ ಬಟನ್, ಓರೆ ಪಟ್ಟಿ, ದಾರ ಸೇರಿ ನೂರೈವತ್ತು. ಎಂಟುನೂರು ದಾಟಲಿಲ್ಲ. ಹಾಳಾದ ಮೂರನ್ನು ಸೇರಿಸಿದರೆ ಮೂರೂವರೆ ಸಾವಿರ ಇರಬಹುದು. ಹುಟ್ಟುಹಬ್ಬದ ದಿನ ಬೀಗತಿ ಅಂಚು ಹಿಡಿದು ನೋಡುತ್ತ "ಎಲ್ಲಿಂದ ತರಿಸಿದ್ರಿ ಬೀಗರ, ಬೆಂಗಳೂರಿಂದೇನ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು "ಅವ್ವ ಹೊಲದಾಳ್ರಿ" ಅಂದಳು. ಕೂಸು ಅವತ್ತು ನಾಲ್ಕು ತಾಸು ಅದರಲ್ಲೇ ಇತ್ತು, ಅದರಲ್ಲೇ ಮಲಗಿತು. ಅಲ್ಲಿಂದ ಇಲ್ಲಿಯವರೆಗೆ ಇಪ್ಪತ್ತೈದು ಮೂವತ್ತು ಸಲವಾದರೂ ತೊಟ್ಟಿದೆ, ಮನೆಯಲ್ಲೇ ಒಗೆದಿದ್ದೇವೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಹಿಗ್ಗುವ ಹೊಸೈರಿ ಬಟ್ಟೆಯ ಒಳಅಂಗಿ ಹೊಲಿಯಲು ಹೋದೆ. ಸಾದಾ ಸೂಜಿಗೆ ಟಾಕಿ ತಪ್ಪುತ್ತಿತ್ತು, ಮೊಂಡು ತುದಿಯ ಬಾಲ್‌ಪಾಯಿಂಟ್ 11 ನಂಬರಿನ ಸೂಜಿ ಹಾಕಿದ ಮೇಲೆ ಟಾಕಿ ಸರಿಯಾಯಿತು, ಆದರೆ ಕುತ್ತಿಗೆಯ ಪಟ್ಟಿ ಅಲೆ ಅಲೆಯಾಗಿ ನಿಂತಿತು. ದಿನವಹಿಯ ಆ ಬಟ್ಟೆ ಹೊಲಿಯಬೇಡಿ. ತಿರುಪ್ಪೂರಿನ ಮಾಲು ನೂರು-ನೂರೈವತ್ತಕ್ಕೆ ಸಿಗುತ್ತದೆ, ಹೊಲಿಗೆ ಅಚ್ಚುಕಟ್ಟು. ಎಣ್ಣೆ-ಅರಿಷಿಣ, ಕಾಡಿಗೆ, ಲೋಬಾನದ ಹೊಗೆ ಎಲ್ಲ ತಾಗುವ ಬಟ್ಟೆಗೆ ಅಷ್ಟೇ ಸಾಕು. ಮಗಳು ಒಂದು ಬಿಳಿ ಒಳಅಂಗಿಗೆ ಎರಡು ಸಾವಿರ ಕೊಟ್ಟಿದ್ದಳು. ಕೂಸಿಗೆ ಎಣ್ಣೆ-ನೀರು ಎರೆಯುವ ಅಜ್ಜಿ ಬಂದು ಹೋದ ಮೂರನೇ ದಿನಕ್ಕೆ ಅದು ಹಳದಿ. ಇನ್ನೊಂದು, ಇಳಕಲ್ ಸೀರೆಯ ಉಳಿದ ತುಂಡಿನಲ್ಲಿ ಕುಂಚಿಗೆ. ಅದು ಮೊದಲ ಸಲಕ್ಕೇ ಬಂತು. ಗದ್ದದ ಕೆಳಗೆ ಕಟ್ಟುವ ದಾರ ಮಾತ್ರ ತೆಗೆದು ಟಿಚ್ ಬಟನ್ ಹಾಕಿದೆ. ಕೂಸಿನ ಕುತ್ತಿಗೆಯ ಹತ್ತಿರ ದಾರ ನನಗೆ ಸಮಾಧಾನವಿಲ್ಲ.

ಆಮೇಲೆ ಬಾಯಿಂದ ಬಾಯಿಗೆ ಹೋಗಿ ನಲವತ್ತರ ಮೇಲೆ ಫ್ರಾಕು ಹೊಲಿದಿದ್ದೇನೆ. ಕಸೂತಿ ಇಲ್ಲದ್ದು ಮಾಲು ಸೇರಿ ಸಾವಿರದ ಆರುನೂರು, ಇದ್ದದ್ದು ಎರಡೂವರೆ ಸಾವಿರ. ವರ್ಷ ತುಂಬದ ಕೂಸಿಗೆ ಕೇಳಿದರೆ ಹೊಲಿದು ಕೊಡುವುದಿಲ್ಲ, ಹಳೆಯ ಮಲ್ ತನ್ನಿ, ಜಬಲಾ ಮಾಡಿಕೊಡುತ್ತೇನೆ ಅನ್ನುತ್ತೇನೆ.

ಗಂಡುಮಕ್ಕಳದು ಇನ್ನೂ ಹಿಡಿತಕ್ಕೆ ಬಂದಿಲ್ಲ. ಖಣದ ಜಾಕೀಟು ಸರಿ ಬರುತ್ತದೆ. ಚಡ್ಡಿಗೆ ಟಕ್ ಇಟ್ಟರೆ ತೊಡೆಯ ಹತ್ತಿರ ದಪ್ಪವಾಗಿ, ಹುಡುಗರು ಕಾಲು ಅಗಲಿಸಿ ನಡೆಯುತ್ತಾರೆ. ಎರಡು ಹಾಳು ಮಾಡಿದ್ದೇನೆ. ಮೂರನೆಯದು ಕತ್ತರಿಸಿ ಮಷಿನ್ನಿನ ಮೇಲಿದೆ, ಈ ಸಲ ಟಕ್ ಬಿಟ್ಟು ಸೊಂಟದ ಪಟ್ಟಿಯಲ್ಲೇ ಬಟ್ಟೆ ಅಡಗಿಸುತ್ತಿದ್ದೇನೆ.