ನಾಲ್ಕಡಿ ಟ್ಯಾಂಕಿನಲ್ಲಿ 22 ಮಲಾವಿ ಸಿಕ್ಲಿಡ್: ನನ್ನ ಅನುಭವ

"ಇಷ್ಟೊಂದು ತುಂಬಿದ್ರೆ ಒಂದೂ ಉಳಿಯಲ್ಲ ಗುರು" ಅಂತ ಮೀನು ಸಾಕುವ ಗೆಳೆಯರೆಲ್ಲ ಹೇಳಿದ್ದರು. ಮಲಾವಿ ಸಿಕ್ಲಿಡ್ ಅಂದರೆ ಆಫ್ರಿಕಾದ ಮಲಾವಿ ಸರೋವರದ ಬಣ್ಣದ, ಜಗಳಗಂಟ ಮೀನು; ಮುಂದೆ ಬರುವ ಯೆಲ್ಲೋ ಲ್ಯಾಬ್, ಔರಾಟಸ್, ಏಸಿ, ಪೀಕಾಕ್, ರಸ್ಟಿ ಎಲ್ಲ ಅದರ ಬಗೆಗಳೇ. ಟ್ಯಾಂಕು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ನೀರು ಹೆಚ್ಚುಕಮ್ಮಿ 200 ಲೀಟರ್. ಎರಡು ವರ್ಷವಾಗುತ್ತ ಬಂತು, ಕಚ್ಚಾಟಕ್ಕೆ ಹೋದದ್ದು ಒಂದೇ ಮೀನು.

ಮೊದಲು ಕೈ ಸುಟ್ಟದ್ದು ಮೂರಡಿ ಟ್ಯಾಂಕಿನಲ್ಲಿ. ಆರು ಯೆಲ್ಲೋ ಲ್ಯಾಬ್ ಜೊತೆ ಎರಡು ಔರಾಟಸ್. ಎರಡಿಂಚು ಇರುವಾಗ ಔರಾಟಸ್ ಬಹಳ ಸಾಧು. ಗಂಡು ಕಪ್ಪಿಗೆ ತಿರುಗಿದ ವಾರದಿಂದಲೇ ಲ್ಯಾಬ್‌ಗಳು ಹೀಟರ್ ಹಿಂದೆ, ಮೇಲಿನ ಮೂಲೆಗೆ ಸೇರಿಕೊಂಡವು. ಬಾಲದ ಅಂಚು ಹರಿಯಿತು, ಹರಿದ ಕಡೆ ಹತ್ತಿಯಂಥ ಫಂಗಸ್ ಹಿಡಿಯಿತು, ತಿಂಗಳೊಳಗೆ ನಾಲ್ಕು ಹೋದವು. ಆಮೇಲೆ ಏಸಿ ಜೊತೆ ಪೀಕಾಕ್ ಬಿಟ್ಟೆ. ಪೀಕಾಕ್‌ಗೆ ಅಂತ ಹಾಕಿದ ಬ್ಲಡ್‌ವರ್ಮನ್ನು ಏಸಿಗಳೇ ಮುಕ್ಕಿದವು. ಪಾಚಿ ಕೆರೆದು ತಿನ್ನುವ ಮೀನಿನ ಕರುಳಿಗೆ ಅದು ಒಗ್ಗುವುದಿಲ್ಲ: ಹೊಟ್ಟೆ ಉಬ್ಬಿ, ಬಿಳಿ ದಾರದಂಥ ಮಲ ಬಿಟ್ಟು ಎರಡು ಸತ್ತವು, ಪೀಕಾಕ್ ಸೊರಗಿದವು. ಔಷಧಿಯೂ ಸೇರಿ ಆರು ಸಾವಿರ ರೂಪಾಯಿಯಂತೂ ನೀರಿಗೆ ಹೋಯಿತು.

ಈಗಿರುವ ಲೆಕ್ಕ: ಎಂಟು ಯೆಲ್ಲೋ ಲ್ಯಾಬ್, ಎಂಟು ಏಸಿ, ಆರು ರಸ್ಟಿ. ಬಣ್ಣದಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲ, ಅದೇ ಮುಖ್ಯ. ಗಂಡು ಮೊದಲು ಅಟ್ಟಿಸುವುದು ತನ್ನ ಬಣ್ಣದವನನ್ನೇ. ಏಸಿ ಕಲ್ಲಿನ ಮೇಲಿನ ಬಯಲು ನೀರಲ್ಲಿ ಗುಂಪಾಗಿ ಓಡಾಡುತ್ತದೆ, ರಸ್ಟಿ ಕಲ್ಲಿನ ಸಂದಿ ಬಿಟ್ಟು ಬರುವುದು ಕಡಿಮೆ, ಲ್ಯಾಬ್ ನಡುವೆ. ಏಸಿ ಐದಾರು ಇಂಚು ಬೆಳೆಯುತ್ತದೆ, ಮೂರಡಿ ಟ್ಯಾಂಕಿಗೆ ಬೇಡ.

ಒಂದೂವರೆ ಇಂಚಿನ ಮರಿಗಳನ್ನು ಒಂದೇ ದಿನ ಬಿಡಬೇಕು. ಆ ಅಳತೆಯಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಮೂರಿಂಚು ದಾಟಿದ ಮೇಲೆ ಹೊಟ್ಟೆಯಡಿ ನೋಡಿ ಹೆಚ್ಚುವರಿ ಗಂಡುಗಳನ್ನು ತೆಗೆದು, ಅವುಗಳ ಜಾಗಕ್ಕೆ ಹೆಣ್ಣು ತಂದೆ. ಜಾತಿಗೆ ಒಂದು ಗಂಡು, ಹೆಚ್ಚೆಂದರೆ ಎರಡು. ಹತ್ತು ಮೀನಿದ್ದರೆ ಪುಂಡ ಒಂದನ್ನೇ ಗುರಿ ಮಾಡಿ ಕೊಲ್ಲುತ್ತಾನೆ; ಇಪ್ಪತ್ತೆರಡಿದ್ದರೆ ಒಂದನ್ನು ಅಟ್ಟುವಷ್ಟರಲ್ಲಿ ಇನ್ನೊಂದು ಅಡ್ಡ ಬರುತ್ತದೆ, ಏಟು ಹಂಚಿಹೋಗುತ್ತದೆ. ಆದರೆ ಗಲೀಜೂ ಅಷ್ಟೇ. ಕ್ಯಾನಿಸ್ಟರ್ ಮತ್ತು ಸ್ಪಾಂಜ್ ಫಿಲ್ಟರ್ ಸೇರಿ ಗಂಟೆಗೆ 2,000 ಲೀಟರ್ ತಿರುಗಬೇಕು, ವಾರಕ್ಕೆ 40 ಪರ್ಸೆಂಟ್ ನೀರು ಬದಲಾಗಬೇಕು. ಇಲ್ಲಿ ಜಿಪುಣತನ ಮಾಡುವವರು ಈ ದಾರಿಗೆ ಬರಬೇಡಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಕಲ್ಲು ನಮ್ಮೂರ ಗ್ರಾನೈಟ್ ತುಂಡು, ಸುಮಾರು 40 ಕೆಜಿ. ಮೊದಲು ಕಲ್ಲು, ಆಮೇಲೆ ಮರಳು. ಮರಳ ಮೇಲೆ ಕಲ್ಲಿಟ್ಟರೆ ಇವು ಬುಡ ತೋಡಿ ಬೀಳಿಸುತ್ತವೆ, ಗಾಜು ಸೀಳುತ್ತದೆ. ಸಂದಿಗಳನ್ನು ಯಾವ ಕಡೆಗೆ ತಿರುಗಿಸಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನೀರಿನ ವಿಷಯದಲ್ಲಿ ಬೆಂಗಳೂರಿನ ಬೋರ್‌ವೆಲ್ ಗಡಸು, ಕ್ಷಾರೀಯ ನೀರು ಬೇಡುವ ಈ ಮೀನಿಗೆ ವರ. ನಮ್ಮ ಬೋರಿನದು ಪಿಎಚ್ 7.8, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 700ರ ಆಸುಪಾಸು. ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಆಡಿಸಿ ಹಾಕಿದರೆ ಸಾಕು. ಕಾವೇರಿ ನೀರಾದರೆ ಆಂಟಿ ಕ್ಲೋರಿನ್ ಬೇಕು, ಗಡಸು ಹೆಚ್ಚಿಸಲು ಫಿಲ್ಟರಿನಲ್ಲಿ ಹವಳದ ಪುಡಿಯ ಒಂದು ಚೀಲವೂ ಬೇಕು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ನೀರೇ ಗತಿಯಾದಾಗ ಲೋಡಿಗೊಂದು ಟಿಡಿಎಸ್ ಬರುತ್ತಿತ್ತು. ಮೀಟರ್ ಅದ್ದಿ ನೋಡಿ, 200ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಸಲಕ್ಕೆ 15 ಪರ್ಸೆಂಟ್ ಮಾತ್ರ ಬದಲಿಸುತ್ತಿದ್ದೆ. ಡಿಸೆಂಬರ್ ಚಳಿಗೆ 200 ವ್ಯಾಟ್ ಹೀಟರ್, 26 ಡಿಗ್ರಿಗೆ.

ತಳದಲ್ಲಿ ಪಾಚಿ ತಿನ್ನಲು ಅಂತ ಮಾಮೂಲಿ ಸಕ್ಕರ್ ಮೀನು ತರಬೇಡಿ, ಅಡಿ ದಾಟಿ ಬೆಳೆಯುತ್ತದೆ. ಅದೇ ಕುಟುಂಬದ ಚಿಕ್ಕ ಮೀನು ಬ್ರಿಸಲ್‌ನೋಸ್ ಎರಡು ಸಾಕು. ಅವಕ್ಕೆ ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಿಂದ ತಂದ ಪುಟ್ಟ ಮಣ್ಣಿನ ಕುಂಡಗಳನ್ನು ಅಡ್ಡ ಮಲಗಿಸಿದೆ, ಬಾಯಿ ಎರಡಿಂಚಿಗಿಂತ ಅಗಲ ಇರಬಾರದು. ದೊಡ್ಡ ಬಾಯಿಯದಾದರೆ ರಸ್ಟಿ ನುಗ್ಗಿ ಮನೆ ಮಾಡುತ್ತದೆ.

ನಡುವೆ ಸಿನೊಡಾಂಟಿಸ್ ಮಲ್ಟಿಪಂಕ್ಟಾಟಸ್ ಅನ್ನುವ ಮೂರು ಕ್ಯಾಟ್‌ಫಿಶ್ ಬಿಟ್ಟು ನೋಡಿದೆ, ಒಂದೊಂದಕ್ಕೆ 800 ರೂಪಾಯಿ ಕೊಟ್ಟಿರಬೇಕು. ಕೋಗಿಲೆ ಕಾಗೆ ಗೂಡಲ್ಲಿ ಇಟ್ಟಂತೆ ಇದು ಸಿಕ್ಲಿಡ್ ಮೊಟ್ಟೆಗಳ ನಡುವೆ ತನ್ನದನ್ನು ಸೇರಿಸುತ್ತದೆ, ಮೊಟ್ಟೆಗಳನ್ನು ಬಾಯಲ್ಲೇ ಮರಿ ಮಾಡುವ ತಾಯಿ ಸಿಕ್ಲಿಡ್ ಎಲ್ಲವನ್ನೂ ಬಾಯಿಗೆ ತೆಗೆದುಕೊಳ್ಳುತ್ತದೆ. ಆರು ತಿಂಗಳು ಕಾದರೂ ಅದರ ಒಂದು ಮರಿಯೂ ಬರಲಿಲ್ಲ, ಮೊಟ್ಟೆ ಮಾತ್ರ ಚೆನ್ನಾಗಿ ತಿಂದವು. ಅವನ್ನು ಹೊರಗೆ ಹಾಕಿದ ಮೇಲೆ ಲ್ಯಾಬ್ ಒಂದೊಂದರ ಬಾಯಿಂದ 15–20 ಮರಿ ಸಿಗುತ್ತಿವೆ. ಮಾರಿ ಮೀನಿನ ಅಸಲು ವಾಪಸ್ ಬಂತು.

ಆಹಾರ ಸ್ಪಿರುಲಿನಾ ಪೆಲೆಟ್, ದಿನಕ್ಕೆರಡು ಸಲ, ಅರ್ಧ ನಿಮಿಷದಲ್ಲಿ ಮುಗಿಯುವಷ್ಟು. ಭಾನುವಾರ ಉಪವಾಸ. ಮನೆಯಲ್ಲೇ ಮಾಡುವ ಬಟಾಣಿ–ಪಾಲಕ್ ಮಿಶ್ರಣದ ಅಳತೆ ಇಲ್ಲಿ ಬರೆಯುವುದಿಲ್ಲ, ಏಸಿಯ ನೀಲಿ ಬಣ್ಣ ಗಾಢವಾಗುವುದು ಅದರಿಂದಲೇ ಅಂತ ನನ್ನ ನಂಬಿಕೆ.

ಯಾವುದಾದರೂ ಮೀನು ಮೇಲಿನ ಮೂಲೆಯಲ್ಲಿ ತೂಗಾಡುತ್ತಿದ್ದರೆ ಅದನ್ನು ಹಿಡಿಯಬೇಡಿ, ಅಟ್ಟಿಸುವವನನ್ನು ಹಿಡಿಯಿರಿ. ನಾಲ್ಕು ದಿನ ಬೇರೆ ಟಬ್ಬಿನಲ್ಲಿಟ್ಟು, ಆ ಹೊತ್ತಿಗೆ ಕಲ್ಲಿನ ಜಾಗವನ್ನೂ ಬದಲಿಸಿ, ಲೈಟ್ ಆರಿಸಿದ ಮೇಲೆ ವಾಪಸ್ ಬಿಡಿ. ಹೊಸ ಮೀನು ಸೇರಿಸುವಾಗಲೂ ಇದೇ ಕ್ರಮ. ಹೊಸ ಮೀನನ್ನು ಒಂದೇ ಒಂದಾಗಿ ಎಂದೂ ಬಿಡಬಾರದು, ಕನಿಷ್ಠ ಮೂರು ಒಟ್ಟಿಗೆ.