ಆಶಾ ತರಬೇತಿ: ಸೋರೆಬುರುಡೆಯಿಂದ ಭೇದಿಯ ಪಾಠ

ಆಶಾ ಯೋಜನೆ 2005ರಲ್ಲಿ ಶುರುವಾದಾಗ ಸಾವಿರ ಜನಕ್ಕೆ ಒಬ್ಬ ಆರೋಗ್ಯ ಕಾರ್ಯಕರ್ತೆ, ಅದೂ ಅದೇ ಊರಿನವರು ಎಂದು ಗೊತ್ತು ಮಾಡಿದ್ದು ಸುಮ್ನೆ ಅಲ್ಲ. ಯಾವ ಮನೆಯಲ್ಲಿ ಅತ್ತೆಯ ಮಾತೇ ನಡೆಯುತ್ತದೆ, ಯಾವ ಕೇರಿಗೆ ನಲ್ಲಿ ನೀರು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಅಂಥವರನ್ನು ಸಾಲಾಗಿ ಕೂರಿಸಿ ಇಡೀ ದಿನ ಸ್ಲೈಡ್ ಓದಿ ಹೇಳುವುದು ಅನ್ಯಾಯ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1960ರ ದಶಕದಲ್ಲಿ ಕೂಲಿಕಾರರಿಗೆ ಅಕ್ಷರ ಕಲಿಸಿದ್ದು ಅವರ ಬದುಕಿನ ಮಾತುಗಳಿಂದಲೇ. ಭೇದಿಯ ಪಾಠವನ್ನೂ ಹಾಗೇ ಮಾಡಬಹುದು.

ಮೊದಲು ಎಲ್ಲರೂ ದುಂಡಗೆ ಕೂರಿ, ತರಬೇತಿ ಕೊಡುವ ನೀವೂ ಅವರ ನಡುವೆಯೇ. “ಮಗುವಿಗೆ ಭೇದಿಯಾದರೆ ನಿಮ್ಮೂರಲ್ಲಿ ಏನು ಮಾಡ್ತಾರೆ ಅಕ್ಕ?” ಎಂದು ಕೇಳಿ. ನೀರು ಕೊಟ್ಟರೆ ಜಾಸ್ತಿಯಾಗುತ್ತೆ ಅಂತ ನಿಲ್ಲಿಸ್ತಾರೆ, ನೆತ್ತಿ ಕೂತಿದೆ ಅಂತ ಎಣ್ಣೆ ಹಾಕ್ತಾರೆ ಎಂಬ ಉತ್ತರಗಳು ಬರಬಹುದು. ತಪ್ಪು ಅನ್ನಬೇಡಿ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿಡಿ.

ಈಗ ಒಣಗಿದ ಸೋರೆಬುರುಡೆ ತನ್ನಿ. ಮೆಕ್ಸಿಕೋದ ಬೆಟ್ಟದೂರುಗಳ ಆರೋಗ್ಯ ಕಾರ್ಯಕರ್ತರು ಬಳಸುತ್ತಿದ್ದ ಉಪಾಯ ಇದು. ಬುರುಡೆಯ ಮೇಲ್ಭಾಗ ಕತ್ತರಿಸಿ. ಮುಖ ಬರೆದು ಕಣ್ಣಿನ ಜಾಗದಲ್ಲಿ ಸೂಜಿಯಷ್ಟು ತೂತು ಮಾಡಿ. ಕೆಳಗೊಂದು ದೊಡ್ಡ ತೂತು, ಅದಕ್ಕೆ ಬಿರಡೆ. ಬಾಯಿಮಟ್ಟ ನೀರು ತುಂಬಿ, ಮೇಲೆ ತೆಳ್ಳನೆಯ ಒದ್ದೆ ಬಟ್ಟೆ ಹಾಸಿ. ಅದೇ ನೆತ್ತಿ. ಬಿರಡೆ ತೆಗೆಯಿರಿ. ನೀರು ಇಳಿದ ಹಾಗೆ ಬಟ್ಟೆ ಒಳಕ್ಕೆ ಕೂರುತ್ತದೆ, ಕಣ್ಣೀರು ನಿಲ್ಲುತ್ತದೆ. “ಈಗ ನೆತ್ತಿ ಮೇಲೇಳಬೇಕಾದರೆ?” ಎಂದು ಕೇಳಿ ಸುಮ್ಮನಾಗಿ. ಯಾರಾದರೂ ಬಿರಡೆ ಹಾಕಿ ನೋಡಲಿ, ಬಟ್ಟೆ ಏಳುವುದಿಲ್ಲ. ಎಣ್ಣೆ ಹಾಕಿದರೂ ಏಳುವುದಿಲ್ಲ. ಕೊನೆಗೆ ಒಬ್ಬರು ಚೊಂಬು ಎತ್ತಿಕೊಂಡು ನೀರು ಸುರಿಯುತ್ತಾರೆ. ಹೋದಷ್ಟು ನೀರು ಒಳಗೆ ಬಂದರೆ ಮಗು ಉಳಿಯುತ್ತದೆ ಎಂದು ನೀವು ಹೇಳಬೇಕಾದ್ದೇ ಇಲ್ಲ. ಬೋರ್ಡಿನ ಮೇಲಿನ ಯಾವ ಸಾಲು ಅಳಿಸಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ.

ನಂತರ ಓಆರ್‌ಎಸ್ ಕಲಸಿಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿಯೊಬ್ಬರೂ ರುಚಿ ನೋಡಲಿ. ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿ ಮತ್ತೆ ಮಾಡಬೇಕು. ಭೇದಿ ನಿಂತರೂ ಜಿಂಕ್ ಮಾತ್ರೆ 14 ದಿನ ಎಂಬುದನ್ನು ಇಲ್ಲೇ ಸೇರಿಸಿ.

ಮಧ್ಯಾಹ್ನ ಒಂದು ಸಣ್ಣ ನಾಟಕ. ಒಬ್ಬರು ಆಶಾ, ಒಬ್ಬರು ಬಾಣಂತಿ, ಜೋರು ಮಾತಿನವರು ಅತ್ತೆ. “ನಾನು ನಾಲ್ಕು ಹೆತ್ತಿಲ್ವಾ, ನೀನೇನು ಹೇಳೋದು?” ಎಂದು ಅತ್ತೆ ರೇಗಲಿ. ಹೊರಗೆ ನಿಜಕ್ಕೂ ಎದುರಾಗುವುದು ಇದೇ ಅಲ್ವಾ? ಪಾತ್ರ ಬದಲಿಸಿ ಆಡಿಸಿ.

ಕೊನೆಯದು “ಯಾಕೆ?” ಆಟ. ಮಗುವಿಗೆ ಭೇದಿ ಯಾಕಾಯಿತು? ನೀರು ಕೆಟ್ಟಿತ್ತು. ಯಾಕೆ? ಪೈಪು ಚರಂಡಿಯಲ್ಲಿ ಒಡೆದಿದೆ. ಯಾರೂ ಸರಿಮಾಡಿಸಿಲ್ಲ ಯಾಕೆ? ಈ ಹಂತ ಬಿಡಲೇಬೇಡಿ. ಇಲ್ಲದಿದ್ದರೆ ತಪ್ಪೆಲ್ಲ ತಾಯಿಯ ತಲೆಗೇ ಬರುತ್ತದೆ. ಬಂದ ಉತ್ತರಗಳಿಂದ ಗ್ರಾಮ ಪಂಚಾಯಿತಿಗೆ ಅಲ್ಲೇ ಒಂದು ಅರ್ಜಿ ಬರೆಸಿ, ಎಲ್ಲರ ಸಹಿ ಹಾಕಿಸಿ.